ಎಲ್ಲಾರೂ ಇಳೀರಿ

ಪರಸಪ್ಪನನ್ನು ಕುರ್ಚಿಗೆ ಕಟ್ಟುತ್ತಿದ್ದ ಹಗ್ಗ ಒಂದು ಮೊಳ ಸಾಲದೆ ಹೋಯಿತು. ಡ್ರೈವರ್ ಶಮಶೇರ ಲಾರಿಗೆ ಓಡಿ ಹೇರು ಕಟ್ಟುವ ಹಗ್ಗ ಎಳೆದು ತಂದ. ಚಹದಂಗಡಿಯ ಸೋಮಪ್ಪ ಹಿಂದಿನಿಂದ ಹೆಣದ ಭುಜ ಹಿಡಿದುಕೊಂಡ. ಎರಡು ಬಿದಿರಿನ ಗಳಗಳ ನಡುವೆ ಬಿಗಿದ ಕುರ್ಚಿಯಲ್ಲಿ, ಹಣೆಯ ತುಂಬ ವಿಭೂತಿ ಬಳಿಸಿಕೊಂಡು, ತಲೆಗೆ ಹೊಸ ಪಟಕ ಸುತ್ತಿಸಿಕೊಂಡು ಪರಸಪ್ಪ ನೆಟ್ಟಗೆ ಕುಳಿತ. ಬದುಕಿದ್ದಾಗ ಅವನು ಕುರ್ಚಿಯ ಮೇಲೆ ಕುಳಿತದ್ದನ್ನು ಕಣಗಲಾದಲ್ಲಿ ಯಾರೂ ಕಂಡಿರಲಿಲ್ಲ. ಊರಿನವರು ಕಂಡದ್ದು ಹೆಚ್ಚಾಗಿ ಯಾವುದಾದರೊಂದು ಲಾರಿಯ ಕೆಳಗಿಂದ ಹೊರಚಾಚಿದ ಅವನ ಎರಡು ಕಾಲುಗಳನ್ನು.

"ಗಾಡಿ ಮೈಮ್ಯಾಲ ಬಿತ್ತೇನ್ರಿ?" ಎಂದು ದಾರಿಹೋಕನೊಬ್ಬ ನಿಂತು ಕೇಳಿದ.

"ಇಲ್ರಿ, ಹೊರಸಿನ ಮ್ಯಾಲ ಹೋದಾ. ದಮ್ಮ ಇತ್ತು," ಎಂದ ಸೋಮಪ್ಪ. ಬೆಳಗಿನಿಂದ ಅವನು ಈ ಉತ್ತರ ಕೊಡುತ್ತಿರುವುದು ಎಂಟನೆಯ ಸಲ. ಲಾರಿ ರಿಪೇರಿಯವನು ಲಾರಿಯ ಕೆಳಗೆ ಸಾಯದೆ ಹೊರಸಿನ ಮೇಲೆ ಸತ್ತನೆಂದರೆ ಕೇಳಿದವರ ಮುಖ ಸ್ವಲ್ಪ ಬಾಡುತ್ತಿತ್ತು.

"ಹೊತ್ತ ನೆತ್ತಿಗೆ ಬಂತು. ಮಾತ ಆಮ್ಯಾಲ ಆಡ್ರಿ," ಎಂದು ಅಲ್ಲಪ್ಪ ಗದರಿಸಿದ.

ಅಲ್ಲಪ್ಪ ಸತ್ತವನ ಅಣ್ಣ. ತಮ್ಮನ ದಮ್ಮು ಹೆಚ್ಚಾಗಿದೆ ಎಂದು ಕೇಳಿ ಮೂರು ದಿನದ ಹಿಂದೆ ಕೌಜಲಗಿಯಿಂದ ಬಂದಿದ್ದ. ನಸುಕಿನಲ್ಲಿ ಜೀವ ಹೋದ ಕೂಡಲೇ ಮೊದಲ ಬಸ್ಸಿನವನ ಕೈಯಲ್ಲಿ ಊರಿಗೆ ಹೇಳಿ ಕಳಿಸಿದ್ದ: ಹೊಲದಲ್ಲಿ ಅವ್ವನ ಸಮಾಧಿಯ ಬಾಜೂ ಕುಣಿ ತೋಡಿರಿ. ಅವರ ಮನೆತನದ ನಡವಳಿಕೆ ಬಹಳ ಗಟ್ಟಿ. ಹೊತ್ತು ಮುಳುಗಿದ ಮೇಲೆ ಮಣ್ಣು ಕೊಡುವುದಿಲ್ಲ. ತೋಡಿದ ಕುಣಿಯನ್ನು ರಾತ್ರಿ ಬಾಯಿ ತೆರೆದು ಬಿಡುವುದಿಲ್ಲ, ಮುಚ್ಚಿಬಿಡುತ್ತಾರೆ. ಹಾಗೆ ಮುಚ್ಚಿದ್ದನ್ನು ಮತ್ತೆ ತೋಡುವುದೂ ಇಲ್ಲ. ತಡವಾಯಿತೆಂದರೆ ಮರುದಿನ ಹಳ್ಳದ ದಂಡೆಯೇ ಗತಿ.

ಅವ್ವನ ಸಮಾಧಿಯ ಪಕ್ಕದಲ್ಲಿ ಒಂದು ಗೇಣೆತ್ತರದ ಮಣ್ಣಿನ ದಿಬ್ಬವೂ ಇತ್ತು. ಅದು ಪರಸಪ್ಪನ ಒಬ್ಬಳೇ ಮಗಳದು. ಹತ್ತು ತಿಂಗಳಿನ ಕೂಸು. ಹೋಗಿ ಹದಿನಾಲ್ಕು ವರ್ಷವಾಗಿತ್ತು. ಪರಸಪ್ಪನ ಹೆಂಡತಿ ಪಾರವ್ವ ಬೆಳಗಿನಿಂದ ಅತ್ತದ್ದು ಕಡಿಮೆ. ಆಡಿದ್ದು ಒಂದೇ ಮಾತು.

"ಕೂಸಿನ ಬಾಜೂ ಇಡ್ರಿ ಅವರನ್ನ. ಅಷ್ಟ ಮಾಡ್ರಿ, ನನಗ ಮತ್ತೇನೂ ಬ್ಯಾಡ."

ಕುರ್ಚಿಯನ್ನು ಲಾರಿಗೆ ಏರಿಸಿದರು. ಲಾರಿಯ ತಳದ ಹಲಗೆಗಳು ಏರುಪೇರಾಗಿದ್ದರಿಂದ ಕುರ್ಚಿ ಅಲುಗಾಡಿತು. ಸೋಮಪ್ಪ ಸುತ್ತ ನೋಡಿ, ಮೂಲೆಯಲ್ಲಿ ಬಿದ್ದಿದ್ದ ಜಾಲಿಯ ದಪ್ಪ ಹಲಗೆಯ ಫಳಿಯೊಂದನ್ನು ಎಳೆದು ಕುರ್ಚಿಯ ಕೆಳಗೆ ಹಾಸಿದ. ಅಲ್ಲೇ ಇದ್ದ ನಾಲ್ಕು ಕಟ್ಟಿಗೆಯ ತುಂಡುಗಳನ್ನು ಕುರ್ಚಿಯ ಕಾಲುಗಳಿಗೆ ಒತ್ತಿ ಕೂರಿಸಿ ಮೊಳೆ ಹೊಡೆದ. ಶಮಶೇರ ಅದನ್ನು ನೋಡಿ ಏನೋ ಹೇಳಲು ಬಾಯಿ ತೆರೆದ.

"ನಡೀ ತಮ್ಮಾ, ನಡೀ. ಹೊತ್ತ ನಮ್ಮ ಸಲುವಾಗಿ ನಿಂದ್ರೂದಿಲ್ಲ," ಎಂದು ಅಲ್ಲಪ್ಪ ಅವನ ಬೆನ್ನಿಗೆ ಕೈಹಚ್ಚಿ ದೂಡಿದ. ಶಮಶೇರ ಬಾಯಿ ಮುಚ್ಚಿಕೊಂಡು ಹೋಗಿ ಗಾಡಿ ಚಾಲೂ ಮಾಡಿದ.

*

ಅವಸರವಿದ್ದವನ ದಾರಿಗೇ ಎಮ್ಮೆ ಅಡ್ಡ ಬರುವುದು. ಸಂಕೇಶ್ವರದ ಹತ್ತಿರ ಖರೆಯೇ ಎಮ್ಮೆಗಳ ಹಿಂಡು ಅಡ್ಡ ಬಂತು. ಹುಕ್ಕೇರಿಯಲ್ಲಿ ಇಂಜಿನ್ನಿನ ನೀರು ಕುದಿಯಿತು. ಸಿಕ್ಕ ಸಿಕ್ಕ ಊರಿನಲ್ಲಿ ಪರಸಪ್ಪನ ಕೈಯಲ್ಲಿ ಗಾಡಿ ಮಾಡಿಸಿಕೊಂಡವರು ಹೂವಿನ ಹಾರ ಹಿಡಿದು ದಾರಿಗೆ ನಿಂತಿದ್ದರು. ಬ್ಯಾಡ ಎನ್ನುವಂತಿಲ್ಲ, ನಿಲ್ಲುವಂತಿಲ್ಲ. ಅಲ್ಲಪ್ಪ ಪ್ರತಿ ಸಲ ಹಣೆಗೆ ಕೈಹಚ್ಚಿ ಸೂರ್ಯನನ್ನು ನೋಡುತ್ತಿದ್ದ. ಲಾರಿಯಲ್ಲಿದ್ದ ಹತ್ತೂ ಜನ ಅವನ ಹಿಂದೆಯೇ ತಲೆ ಎತ್ತುತ್ತಿದ್ದರು. ಕುಳಿತಲ್ಲಿ ಯಾರಿಗೂ ಕುಳಿತ ಹಾಗಿರಲಿಲ್ಲ.

"ಭಾಳ ಶಾಂತ ಮನಿಷ್ಯಾ ಇದ್ದಾ," ಎಂದಳು ಪಕ್ಕದ ಮನೆಯ ಕೆಂಚವ್ವ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುವಂತೆ ಎಲ್ಲರೂ ಹೂಂಗುಟ್ಟಿದರು.

"ಶಾಂತ ಅಲ್ಲವ್ವ," ಎಂದಳು ಪಾರವ್ವ. ಅವಳ ಒಂದು ಕೈ ಗಂಡನ ಭುಜದ ಮೇಲಿತ್ತು. ಲಾರಿ ಕುಲುಕಿದಾಗೆಲ್ಲ ಅವನು ವಾಲದಂತೆ ಹಿಡಿಯುತ್ತಿದ್ದಳು. "ಮಾತು ಬರ್ತಿರಲಿಲ್ಲ ಅಷ್ಟ. ಬರ್ತಿದ್ದದ್ದು ಒಂದ ಮಾತು. ಎಲ್ಲಾರೂ ಇಳೀರಿ."

ಸೋಮಪ್ಪನಿಗೆ ನಗು ತಡೆಯಲಾಗಲಿಲ್ಲ. "ಖರೆ ಐತಿ. ನನ್ನ ಮಗಳ ನಿಬ್ಬಣ ಒಯ್ಯೂವಾಗ ಗಾಲಿ ಹೋತು. ಅಕ್ಷತಾದ ಹೊತ್ತ ಮೀರಾಕತ್ತಿತ್ತು. ಬಾಸಿಂಗ ಕಟ್ಟಿದ ಹುಡಿಗೀನ್ನ ಉರಿಬಿಸಲಾಗ ರಸ್ತೇಕ ಇಳಿಸಿ ನಿಂದ್ರಿಸಿದಾ. ಬೀಗರು ಬೈದ್ರು. ಕೇಳಲಿಲ್ಲ. ಗಾಡ್ಯಾಗ ಉಸಿರಾಡೂದು ಒಂದೂ ಇರಬಾರದು ಅಂದಾ. ಕಡೀಕ ನನ್ನ ತಂಗಿ ತನ್ನ ಮನಿಗೆ ಒಯ್ಯಾಕತ್ತಿದ್ದ ಕೋಳಿ ಬುಟ್ಟೀನೂ ಇಳಿಸಿದಾ."

ಜನ ನಕ್ಕರು. ಪಾರವ್ವ ನಗಲಿಲ್ಲ.

*

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಅಂದರೆ ಇದೇ ವರ್ಷದ ಬೇಸಿಗೆಯಲ್ಲಿ, ಬೆಳಗಾವಿಯಲ್ಲಿ ಮಿಲಿಟರಿಯವರ ಉಳಿದ ಸಾಮಾನು ಹರಾಜಿಗೆ ಬಂದಿತ್ತು. ಪರಸಪ್ಪ ಶಮಶೇರನನ್ನು ಕರೆದುಕೊಂಡು ಗಾಡಿ ಎತ್ತುವ ಜಾಕು ಆರಿಸಲು ಹೋದ.

ಜನವೆಲ್ಲ ಮುತ್ತಿದ್ದು ಒಂದು ದೊಡ್ಡ ಜಾಕಿಗೆ. ಅದಕ್ಕೆ ಕೆಳಗೆ ಕಬ್ಬಿಣದ ಸಣ್ಣ ಚಕ್ರಗಳು, ಹಿಂದೆ ಆಳುದ್ದದ ಹಿಡಿಕೆ. ಹಿಡಿಕೆಯನ್ನು ನಾಲ್ಕು ಸಲ ಒತ್ತಿದರೆ ಲಾರಿ ತಾನಾಗಿ ಏಳುತ್ತಿತ್ತು. ಶಮಶೇರನ ಕಣ್ಣು ಅದರ ಮೇಲೆಯೇ ಕೂತಿತು.

"ಇದು ಫರಸಿ ನೆಲದ ಮ್ಯಾಲಿನ ರಾಜಾ," ಎಂದ ಪರಸಪ್ಪ. "ನಮ್ಮ ಎರಿ ಹೊಲದ ಬಾಜೂ ಗಾಲಿ ಹೋದ್ರ ಇದು ಉರಳೂದಿಲ್ಲ, ಹುಗೀತೈತಿ."

ಆಮೇಲೆ ಮೋಟು ಜಾಕುಗಳ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಮಾರುವವನು ಬಣ್ಣ ಹೊಳೆಯುವ ಒಂದನ್ನು ಮುಂದೆ ಸರಿಸಿ, ಐದು ಟನ್ನಿನ ಗಾಡಿಗೆ ಐದು ಟನ್ನಿನದು ಸಾಕು ಎಂದ. ಎಣಿಸಿ ಬುತ್ತಿ ಕಟ್ಟಿಕೊಂಡವ ದಾರಿಯಲ್ಲಿ ನೆಂಟ ಸಿಕ್ಕರೆ ಏನು ಮಾಡುತ್ತಾನೆ ಎಂದು ಪರಸಪ್ಪ ಕೇಳಿದ. ಎಂಟು ಟನ್ನಿನವು ಎರಡು ಇದ್ದವು. ಒಂದು ಹೊಸದರ ಹಾಗೆ ಮಿರುಗುತ್ತಿತ್ತು, ಇನ್ನೊಂದರ ಬಣ್ಣ ಸುಲಿದಿತ್ತು. ಎರಡನ್ನೂ ಅಲ್ಲೇ ನಿಂತಿದ್ದ ತುಂಬಿದ ಲಾರಿಗಳ ಕೆಳಗೆ ಇಟ್ಟು ಎತ್ತಿ, ಮೇಲೆದ್ದ ದಂಡದ ಮೇಲೆ ಸುಣ್ಣದ ಗೆರೆ ಎಳೆದು, "ಚಾ ಕುಡಿಯೂಣು ಬಾ" ಎಂದ. ಒಂದು ಚಹ ಕುಡಿದು ಮತ್ತೊಂದು ತರಿಸಿದ. ಮಾರುವವನು ಚಡಪಡಿಸಿದ. ಬಂದು ನೋಡಿದರೆ ಮಿರುಗುವ ಜಾಕಿನ ಗೆರೆ ಒಂದು ಬೆರಳು ಕೆಳಗಿಳಿದಿತ್ತು. ಸುಲಿದದ್ದು ಇಟ್ಟಲ್ಲೇ ಇತ್ತು. ಅದನ್ನೇ ತೆಗೆದುಕೊಂಡ.

ಬರುವ ದಾರಿಯಲ್ಲಿ ಜಾಕನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದ: "ಇದನ್ನೂ ನಂಬಬ್ಯಾಡ. ಎತ್ತೂದು ಜಾಕ, ಹಿಡಿಯೂದು ಕಟಗಿ. ಕೆಳಗ ಫಳಿ ಹಾಸು, ಎತ್ತು, ಕಟಗಿ ಇಡು. ಆಮ್ಯಾಲ ಗಾಲೀಗೆ ಕೈ ಹಚ್ಚು."

ಶಮಶೇರ ಇದನ್ನು ಹದಿನೆಂಟು ವರ್ಷಗಳಿಂದ ಕೇಳುತ್ತಿದ್ದ.

*

ಹದಿನಾಲ್ಕು ವರ್ಷದ ಹಿಂದೆ ಪರಸಪ್ಪ ಇನ್ನೂ ಕೌಜಲಗಿಯಲ್ಲೇ ಇದ್ದು ಹತ್ತಿಯ ಲಾರಿ ಹೊಡೆಯುತ್ತಿದ್ದ. ಕೂಸಿಗೆ ಜ್ವರ ಏರಿ ಕಣ್ಣು ಮೇಲಾದಾಗ ಪಾರವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಗೋಕಾಕದ ಡಾಕ್ಟರಿಗೆಂದು ಗಂಡನ ಬಾಜೂ ಲಾರಿಯಲ್ಲಿ ಕುಳಿತಳು. ನಡುದಾರಿಯಲ್ಲಿ ಗಾಲಿ ಒಡೆಯಿತು. ಜಿಟಿಜಿಟಿ ಮಳೆ ಹತ್ತಿತ್ತು.

"ಇಳೀ," ಎಂದ ಪರಸಪ್ಪ.

"ಮಳ್ಯಾಗ? ಕೂಸಿಗೆ ಜ್ವರ ಐತ್ರಿ. ನಾ ಇಲ್ಲೇ ಅಲಗಾಡದ ಕುಂದರತೇನಿ."

"ಇಳೀ ಪಾರೂ."

ಅವನು ತನ್ನ ಅಂಗಿ ಬಿಚ್ಚಿ ಕೂಸಿನ ಮೇಲೆ ಹೊದಿಸಿದ. ಆದರೆ ಇಳಿಸದೆ ಬಿಡಲಿಲ್ಲ. ಫಳಿ ಹಾಸಿದ, ಎತ್ತಿದ, ಕಟ್ಟಿಗೆ ಇಟ್ಟ. ಬರಿ ಮೈಯಲ್ಲಿ ಮಳೆ ಸುರಿಯುತ್ತಿದ್ದರೂ ಒಂದು ಕೆಲಸವನ್ನೂ ಬಿಡಲಿಲ್ಲ. ಅವಳು ಗಿಡವಿಲ್ಲದ ಆ ರಸ್ತೆಯಲ್ಲಿ ಒಂದು ತಾಸು ನಿಂತಳು. ಮೂರನೆಯ ದಿನ ಗೋಕಾಕದಲ್ಲಿ ಕೂಸು ಹೋಯಿತು. ಉಳಿಯುವ ಕೂಸಲ್ಲ ಎಂದು ಡಾಕ್ಟರು ನೋಡಿದ ಕೂಡಲೇ ಹೇಳಿದ್ದರು. ಆದರೆ ಪಾರವ್ವನ ಮೈಯಲ್ಲಿ ಕೂತದ್ದು ಆ ಒಂದು ತಾಸು. ಅದರ ಬಗ್ಗೆ ಅವನು ಯಾವತ್ತೂ ಒಂದು ಮಾತು ಆಡಲಿಲ್ಲ, ಅವಳೂ ಕೇಳಲಿಲ್ಲ. ಕೇಳದೆ ಉಳಿದ ಆ ಪ್ರಶ್ನೆಯನ್ನು ನಡುವೆ ಮಲಗಿಸಿಕೊಂಡು ಇಬ್ಬರೂ ಕಣಗಲಾದಲ್ಲಿ ಹದಿನಾಲ್ಕು ವರ್ಷ ಸಂಸಾರ ಮಾಡಿದರು.

*

ಗೋಕಾಕ ದಾಟಿದಾಗ ಹೊತ್ತು ಇಳಿದಿತ್ತು. ಕೌಜಲಗಿ ಇನ್ನೂ ಎಂಟು ಮೈಲಿರುವಾಗ ಹಿಂದಿನ ಎಡಗಾಲಿ ಗುಂಡು ಹಾರಿದಂತೆ ಒಡೆಯಿತು. ಲಾರಿ ರಸ್ತೆಯ ಅಂಚಿಗೆ ಸರಿದು ಎಡಕ್ಕೆ ವಾಲಿ ನಿಂತಿತು. ಎರಡು ದಿನದ ಹಿಂದೆ ಹಿಂಗಾರಿ ಮಳೆ ಬಿದ್ದು ಅಂಚಿನ ಎರೆಮಣ್ಣು ಇನ್ನೂ ಮೆತ್ತಗಿತ್ತು.

ಶಮಶೇರ ಕೆಳಗಿಳಿದು, ಯಾರೋ ಹೇಳಿಸಿದಂತೆ, "ಎಲ್ಲಾರೂ ಇಳೀರಿ," ಎಂದ.

ಜನ ದಡಬಡ ಇಳಿದರು. ಪಾರವ್ವ ಇಳಿಯಲಿಲ್ಲ.

"ವೈನಿ, ನೀವೂ ಇಳೀರಿ."

"ಗಾಡಿ ವಾಲೇತಿ. ಇವರನ್ನ ಯಾರ ಹಿಡೀಬೇಕು?"

"ಆಕಿ ಇರಲಿ ಬಿಡು," ಎಂದ ಅಲ್ಲಪ್ಪ. "ಒಂದ ಜೀವದ್ದೇನ ಮಹಾ ಭಾರ. ಲಗೂ ಎತ್ತು."

ಶಮಶೇರ ಮುಂದಿನ ಗಾಲಿಗೆ ಕಲ್ಲು ಒತ್ತರಿಸಿದ. ಒಡೆದ ಗಾಲಿಯ ನಟ್ಟುಗಳನ್ನು ಸಡಿಲಿಸಿದ. ಜಾಕು ತಂದು ಮೆತ್ತನ್ನ ನೆಲ ನೋಡಿದ. ಫಳಿಗಾಗಿ ಲಾರಿಯ ಮೇಲೆ ಕೈಚಾಚಿ ಹಾಗೇ ನಿಂತ. ಫಳಿಯೂ ನಾಲ್ಕು ತುಂಡುಗಳೂ ಪರಸಪ್ಪನ ಕುರ್ಚಿಯ ಕೆಳಗೆ ಮೊಳೆ ಹೊಡೆಸಿಕೊಂಡು ಕೂತಿದ್ದವು.

"ಪರಸಣ್ಣನ್ನ ಇಳಿಸಿದ್ರ ಫಳಿ ಸಿಗತೈತ್ರಿ," ಎಂದ.

"ಹುಚ್ಚ ಅದೀ ಏನ? ಎತ್ತಿದ ಹೆಣ ದಾರ್ಯಾಗ ಇಳಸ್ತಾರ? ಇಳಿಸಿದ ನೆಲ ಅದನ್ನ ತನ್ನದು ಅಂತೈತಿ. ಕಲ್ಲ ಇಡು ಕೆಳಗ."

ಸೋಮಪ್ಪ ಹೊಲದ ಬದುವಿನಿಂದ ಒಂದು ಚಪ್ಪಟೆ ಕಲ್ಲು ತಂದ. ತಾನು ಹೊಡೆದ ಮೊಳೆಗಳ ನೆನಪಾಗಿ ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಶಮಶೇರ ಕಲ್ಲಿನ ಮೇಲೆ ಜಾಕಿಟ್ಟು ಹಿಡಿಕೆ ಒತ್ತಿದ. ಲಾರಿ ಒಂದು ಗೇಣು ಎದ್ದಿತು. ಇನ್ನೊಂದು ಸಲ ಒತ್ತುವಷ್ಟರಲ್ಲಿ ಕಲ್ಲಿನ ಒಂದು ಮಗ್ಗಲು ಮಣ್ಣಿನೊಳಗೆ ಇಳಿಯಿತು, ಜಾಕು ಓರೆಯಾಯಿತು. ಲಾರಿಯ ಮೈ ಕಿರುಗುಟ್ಟಿ ಎಡಕ್ಕೆ ಜರುಗಿತು. ಮೇಲೆ ಪಾರವ್ವ ಗಂಡನನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಅವನ ಪಟಕ ಕಳಚಿ ಹಾದಿಯ ಮೇಲೆ ಬಿತ್ತು.

ಶಮಶೇರ ಜಾಕು ಸಡಿಲಿಸಿ ಲಾರಿಯನ್ನು ಮೆಲ್ಲಗೆ ನೆಲಕ್ಕಿಳಿಸಿದ. ಆಮೇಲೆ ಎದ್ದು ನಿಂತ.

"ನಾ ಎತ್ತೂದಿಲ್ರಿ."

"ಹೊತ್ತ ನೋಡಲೇ, ಹೊತ್ತ," ಎಂದು ಅಲ್ಲಪ್ಪ ಕೂಗಿದ. ಸೂರ್ಯ ಜೋಳದ ಬೆಳೆಯ ಮೇಲೆ ಎರಡಾಳು ಎತ್ತರದಲ್ಲಿದ್ದ.

"ನೋಡೇನ್ರಿ. ವೈನಿ ಮ್ಯಾಲಿರೂ ತನಕ ನಾ ಎತ್ತೂದಿಲ್ಲ." ಶಮಶೇರ ಕೈಯಲ್ಲಿದ್ದ ಹಿಡಿಕೆಯನ್ನು ನೆಲಕ್ಕಿಟ್ಟ. ಆಮೇಲೆ ಲಾರಿಯ ಮೇಲಿದ್ದವಳ ಕಡೆಗೆ ತಿರುಗಿದ. "ವೈನಿ, ನಮ್ಮಣ್ಣ ಮೆಹಬೂಬ ಅಂಕಲಗಿ ಹಾದ್ಯಾಗ ಸತ್ತದ್ದು ನಿಮಗ ಗೊತ್ತೈತಿ."

"ಹತ್ತಿ ಅಂಡಿಗಿ ಜಾರಿ ಮೈಮ್ಯಾಲ ಬಿದ್ವು ಅಂತಿದ್ರು."

"ತಾವಾಗೇ ಜಾರಲಿಲ್ಲ. ಗಾಲಿ ಹೋಗಿತ್ತು. ಪರಸಣ್ಣಗ ಆಗ ಇಪ್ಪತ್ತೈದರ ವಯಸ್ಸು, ಮಿಲ್ಲಿಗೆ ಹೊತ್ತಿಗೆ ಮುಟ್ಟಬೇಕನ್ನೂ ಅವಸರ. ನಮ್ಮಣ್ಣ ಹೇರಿನ ಮ್ಯಾಲ ಮಲಗಿದ್ದಾ. ಎದ್ದು ಇಳಿಯೂದ್ಯಾಕ, ಐದ ಮಿನಿಟಿನ ಕೆಲಸ ಅಂದು ಪರಸಣ್ಣ ಫಳಿ ಇಲ್ಲದನ ಎತ್ತಿದಾ. ಜಾಕ ಮಣ್ಣಾಗ ಕುಸೀತು. ಹೇರು, ನಮ್ಮಣ್ಣ, ಎಲ್ಲಾ ತಗ್ಗಿಗೆ ಹೋದ್ವು."

ಶಮಶೇರ ಕೈಗೆ ಹತ್ತಿದ ಮಣ್ಣು ಒರೆಸಿಕೊಂಡ.

"ಮೂರನೇ ದಿನಕ್ಕ ನಮ್ಮನಿಗೆ ಬಂದಾ. ನಮ್ಮವ್ವ ಶಹನಾಜಬಿ ಮುಂದ ಕುಂತು ಇದ್ದದ್ದ ಇದ್ಧಂಗ ಹೇಳಿದಾ. ಹೇಳದಿದ್ರ ಯಾರಿಗೂ ತಿಳೀತಿರಲಿಲ್ಲ. ನಮ್ಮವ್ವ ಅಂದ್ಲು, ಇವನೊಬ್ಬ ಉಳದಾನ, ಇವನ್ನ ನಿನ್ನ ಹಂತೇಕ ಇಟಕೋ, ಇವಗ ಏನೂ ಆಗಬಾರದು. ಹಂಗ ನಾ ಬಂದೆ ಇವರ ಕಡೆ."

"ನನಗ ಯಾಕ ಹೇಳಲಿಲ್ಲ?" ಎಂದಳು ಪಾರವ್ವ. ಧ್ವನಿ ಸಣ್ಣಗಿತ್ತು.

"ನಾನೂ ಅಂದೆ ವೈನಿ, ಹೇಳ ಅಂತ. ಕೂಸ ಹೋದಮ್ಯಾಲ ಹೆಂಗ ಹೇಳಲೋ ಅಂದಾ. ಈಗ ಹೇಳಿದ್ರ ನನ್ನ ತಪ್ಪಿಗೆ ಕಾರಣ ಹುಡಿಕಿಧಂಗ ಆಕ್ಕೈತಿ. ಆಕಿ ಸಿಟ್ಟ ಆಕಿಗಿರಲಿ ಅಂದಾ."

ಪಾರವ್ವ ಗಂಡನ ಮುಖ ನೋಡಿದಳು. ಪಟಕ ಬಿದ್ದುಹೋದ ತಲೆಯ ಮೇಲೆ ನರೆತ ಕೂದಲು ಕಾಣುತ್ತಿತ್ತು. ಇಷ್ಟು ವರ್ಷ ಇದೇ ಮುಖದ ಮೇಲೆ ಅವಳು ಸಿಟ್ಟು ಹೊತ್ತಿದ್ದಳು, ಅದನ್ನು ಅವನು ಬಿಡಿಸಿಕೊಳ್ಳದೆ ಇಟ್ಟುಕೊಂಡಿದ್ದ. ಅವಳಿಗೆ ಅವನ ಕೆನ್ನೆಗೆ ಒಂದು ಹೊಡೆಯಬೇಕೆನಿಸಿತು. ಮರುಗಳಿಗೆ ಆ ಕೆನ್ನೆಯನ್ನೇ ಸೆರಗಿನಿಂದ ಒರೆಸಿದಳು.

"ಭಾವಾರ," ಎಂದು ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಅಲ್ಲಪ್ಪನ ಮುಂದೆ ಅವಳು ಧ್ವನಿ ಎತ್ತಿದ್ದು ಇದೇ ಮೊದಲು. "ಅವತ್ತ ಅವರು ನನ್ನ ಇಳಿಸಿದ್ರು. ಇವತ್ತ ಅವರನ್ನ ಇಳಸ್ರಿ."

"ನೆಲಕ್ಕ ಹೆಂಗ ಇಡೂದವ್ವ?"

"ನೆಲಕ್ಕ ಇಡಬ್ಯಾಡ್ರಿ. ಹೆಗಲ ಮ್ಯಾಲ ಹಿಡೀರಿ."

"ಗಾಲಿ ಹಾಕೂ ತನಕ? ಹೊತ್ತ ಮುಳಗತೈತಿ ಪಾರವ್ವ. ಅಲ್ಲೆ ಕುಣಿ ಮುಚ್ಚತಾರ."

ಕೂಸಿನ ಬಾಜೂ ಅವನನ್ನು ಮಲಗಿಸುವುದಕ್ಕಿಂತ ಹೆಚ್ಚಿನದೇನನ್ನೂ ಅವಳು ಈ ಲೋಕದಿಂದ ಕೇಳಿರಲಿಲ್ಲ.

"ಮುಚ್ಚಲಿ," ಎಂದಳು. ಇಳಿಯುವಾಗ ಕೆಂಚವ್ವ ಅವಳ ಕೈ ಹಿಡಿದುಕೊಂಡಳು.

*

ನಾಲ್ವರು ಗಳಗಳಿಗೆ ಹೆಗಲು ಕೊಟ್ಟು ಪರಸಪ್ಪನನ್ನು ಲಾರಿಯಿಂದ ಇಳಿಸಿ, ರಸ್ತೆಯ ಮೇಲೆ ಎತ್ತಿ ಹಿಡಿದು ನಿಂತರು. ಹೊತ್ತು ನಡೆಯುವುದು ಬೇರೆ, ಹೊತ್ತು ನಿಲ್ಲುವುದೇ ಬೇರೆ. ನಡೆದರೆ ದಾರಿ ಸರಿಯುತ್ತದೆ, ನಿಂತರೆ ಭಾರವೊಂದೇ ಉಳಿಯುತ್ತದೆ. ಸ್ವಲ್ಪ ಹೊತ್ತಿಗೇ ಹೆಗಲು ಬದಲಿಸಬೇಕಾಯಿತು. ಎದುರಿನಿಂದ ಬಂದ ಬಂಡಿಯವನೊಬ್ಬ ಎತ್ತುಗಳನ್ನು ನಿಲ್ಲಿಸಿ, ಸತ್ತವರು ಯಾರೆಂದೂ ಕೇಳದೆ ಬಂದು ಒಂದು ಮಗ್ಗಲಿಗೆ ಹೆಗಲು ಕೊಟ್ಟ.

ಶಮಶೇರ ಮೊಳೆ ಕಿತ್ತು ಫಳಿ ಇಳಿಸಿದ. ನೆಲದ ಹಸಿ ಮಣ್ಣು ಕೆರೆದು ಸಮ ಮಾಡಿ ಫಳಿ ಹಾಸಿದ. ಅದರ ನಡುಮಧ್ಯಕ್ಕೆ ಜಾಕಿಟ್ಟು, ಒಮ್ಮೆ ಒತ್ತಿ ಎದ್ದು ನಿಂತು ನೋಡಿದ. ಮತ್ತೊಮ್ಮೆ ಒತ್ತಿ ಮತ್ತೆ ನೋಡಿದ. ಲಾರಿ ನೆಟ್ಟಗೆ ಎದ್ದಿತು. ಸೂರ್ಯ ಜೋಳದ ತೆನೆಗೆ ತಾಕಿದ. ಅವನು ಕೆಳಗೆ ತೂರಿ, ಅಚ್ಚಿನ ಅಡಿಗೆ ಕಟ್ಟಿಗೆಯ ತುಂಡುಗಳನ್ನು ಒಂದರ ಮೇಲೊಂದು ಇಡತೊಡಗಿದ.

"ಅಲ್ಲಪ್ಪಣ್ಣಾರ," ಎಂದು ಕೆಳಗಿಂದಲೇ ಕೂಗಿದ. "ಈ ಮಗ್ಗಲದ ಕಟಗಿ ಇಟ್ಟದ್ದಾತು. ಆ ಮಗ್ಗಲದ್ದು ಬಿಟ್ರ ಹೊತ್ತಿಗೆ ಮುಟ್ಟಿದ್ರೂ ಮುಟ್ಟಬೌದು. ಏನ ಮಾಡ್ಲಿ?"

ಅಲ್ಲಪ್ಪ ಮುಂದಿನ ಗಳದ ಕೆಳಗಿದ್ದ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಬೆಳಗಿನಿಂದ ನೂರು ಸಲ ನೋಡಿದ್ದ ಸೂರ್ಯನನ್ನು ಅವನು ಈ ಸಲ ನೋಡಲಿಲ್ಲ.

"ಬಿಡಬ್ಯಾಡ," ಎಂದ. "ಇಡು."

"ಕುಣಿ?" ಎಂದ ಹಿಂದಿದ್ದ ಸೋಮಪ್ಪ.

"ಮುಚ್ಚಿದ್ರ ನನ್ನ ಕೈಲೆ ತಗೀತೇನಿ. ಯಾಂವ ಬ್ಯಾಡ ಅಂತಾನ ನೋಡೂಣು."

ಹೊತ್ತು ಮುಳುಗಿತು. ಹೊಲದ ಮೇಲಿನ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತು. ಶಮಶೇರ ಹಳೆಯ ಗಾಲಿ ಕಳಚಿ ಹೊಸದನ್ನು ಉರುಳಿಸಿ ತರುತ್ತಿದ್ದ. ಅಲ್ಲಪ್ಪನ ಮೊಣಕಾಲು ಒಮ್ಮೆ ಅದುರಿತು, ಗಳ ಜೋಲಿ ಹೊಡೆಯಿತು. ಹೆಗಲು ಬದಲಿಸಬೇಕಾದವನು ಆಗಷ್ಟೇ ಇಳಿಸಿ ರಟ್ಟೆ ತಿಕ್ಕಿಕೊಳ್ಳುತ್ತಿದ್ದ. ಪಾರವ್ವ ಸೆರಗನ್ನು ಮಡಿಚಿ ಭುಜದ ಮೇಲೆ ಇಟ್ಟುಕೊಂಡು ಬಂದು, ಭಾವನನ್ನು ಮೆಲ್ಲಗೆ ಬದಿಗೆ ಸರಿಸಿ ಗಳಕ್ಕೆ ಹೆಗಲು ಕೊಟ್ಟಳು.

"ಹೆಂಗಸರು..." ಎಂದು ಯಾರೋ ಶುರುಮಾಡಿದರು. ಮಾತು ಮುಗಿಸಲಿಲ್ಲ.

ಅವಳು ಗಿಡ್ಡ. ಕುರ್ಚಿ ಅವಳ ಕಡೆಗೆ ವಾಲಿತು, ಪರಸಪ್ಪನ ಭಾರವೆಲ್ಲ ಅವಳ ಮೇಲೆ ಬಂತು. ಅವಳು ಹಲ್ಲು ಕಚ್ಚಿ ನಿಂತಳು. ಉಳಿದ ಮೂವರು ಗಂಡಸರು ಏನೂ ಅನ್ನದೆ, ಒಬ್ಬರ ಹಿಂದೊಬ್ಬರು, ಅವಳ ಎತ್ತರಕ್ಕೆ ಮೊಣಕಾಲು ಬಗ್ಗಿಸಿದರು.